ಹಳೆಯ ಸ್ಲೈಡ್ ಡಬ್ಬ ಸಿಕ್ಕಿದೆಯೇ? ಗುಜರಿಗೆ ಹಾಕುವ ಮೊದಲು ಇಷ್ಟು ತಿಳಿದಿರಲಿ

ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಥವಾ ಹಿರಿಯರ ಟ್ರಂಕು ಖಾಲಿ ಮಾಡುವಾಗ ಕೆಲವರಿಗೆ ಒಂದು ಡಬ್ಬ ಸಿಗುತ್ತದೆ. ಒಳಗೆ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ಚೌಕಟ್ಟುಗಳು. ಒಂದೊಂದರ ನಡುವೆಯೂ ಒಂದು ತುಂಡು ಫಿಲಂ. ಬೆಳಕಿಗೆ ಹಿಡಿದರೆ ಬಣ್ಣದ ಚಿತ್ರ ಕಾಣುತ್ತದೆ: ಯಾದಗಿರಿಯ ಕೋಟೆ, ನಾರಾಯಣಪುರದ ಅಣೆಕಟ್ಟು, ಯಾವುದೋ ಮದುವೆ, ಗುರುತು ಸಿಗದ ಮುಖಗಳು. ಇವೇ ಸ್ಲೈಡ್‌ಗಳು.

ಡಬ್ಬ ಸಿಕ್ಕ ಕೂಡಲೇ ಸಲಹೆಗಳೂ ಶುರುವಾಗುತ್ತವೆ. “ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದು ಗ್ರೂಪಿಗೆ ಹಾಕು, ಡಬ್ಬ ಬಿಸಾಡು.” “ಹಳೇ ಫಿಲಂನಲ್ಲಿ ಬೆಳ್ಳಿ ಇರುತ್ತದೆ, ಗುಜರಿಯವರು ತಗೋತಾರೆ.” “ಇವೆಲ್ಲ ಕಾಪಿ, ಅಸಲಿ ನೆಗೆಟಿವ್ ಬೇರೆ ಎಲ್ಲೋ ಇರುತ್ತದೆ.” ಈ ಮೂರೂ ಮಾತು ತಪ್ಪು. ಮೂರರಲ್ಲಿ ಯಾವುದನ್ನು ನಂಬಿದರೂ ಮತ್ತೆ ಸಿಗದ ಚಿತ್ರವೊಂದು ಕೈತಪ್ಪಬಹುದು. ಏಕೆ ತಪ್ಪು, ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಸ್ಲೈಡ್ ಎಂದರೇನು?

ಫಿಲಂ ಕ್ಯಾಮೆರಾ ಬಳಸಿದವರಿಗೆ ನೆಗೆಟಿವ್ ಗೊತ್ತು. ಸ್ಟುಡಿಯೋದಲ್ಲಿ ರೀಲ್ ತೊಳೆಸಿದರೆ ಬಣ್ಣ ತಲೆಕೆಳಗಾದ, ಕಿತ್ತಳೆ ಛಾಯೆಯ ಪಟ್ಟಿ ಸಿಗುತ್ತಿತ್ತು. ಅದರಿಂದ ಕಾಗದದ ಮೇಲೆ ಎಷ್ಟು ಬೇಕಾದರೂ ಕಾಪಿ ಹಾಕಿಸಬಹುದಿತ್ತು. ಕಾಪಿ ಕಳೆದರೂ ನೆಗೆಟಿವ್ ಉಳಿಯುತ್ತಿತ್ತು.

ಸ್ಲೈಡ್‌ನ ಕಥೆ ಬೇರೆ. ಇಲ್ಲಿ ಕ್ಯಾಮೆರಾದೊಳಗೆ ಓಡಿದ ಅದೇ ಫಿಲಂ ತೊಳೆದ ಮೇಲೆ ಸರಿಯಾದ ಬಣ್ಣದ ಚಿತ್ರವಾಗುತ್ತದೆ. ಅದನ್ನೇ ಕತ್ತರಿಸಿ ಚೌಕಟ್ಟಿಗೆ ಕೂರಿಸುತ್ತಾರೆ. ಚಿತ್ರದ ಅಳತೆ 24×36 ಮಿಲಿಮೀಟರ್, ಚೌಕಟ್ಟಿನದು ಸುಮಾರು ಎರಡು ಇಂಚು ಚೌಕ. ಇದರ ಹಿಂದೆ ಬೇರೆ ನೆಗೆಟಿವ್ ಎಂಬುದೇ ಇಲ್ಲ. ಆ ದಿನ ಆ ಜಾಗದ ಬೆಳಕು ಬಿದ್ದದ್ದು ಇದೇ ತುಂಡಿನ ಮೇಲೆ. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಸಾಮಾನ್ಯವಾಗಿ ಅಸಲಿ ಮತ್ತು ಒಂದೇ ಒಂದು ಪ್ರತಿ.

ಕಾಗದದ ಪ್ರಿಂಟ್‌ಗಿಂತ ಹೆಚ್ಚು ಹೊಳಪು, ಹೆಚ್ಚು ವಿವರ, ಪ್ರೊಜೆಕ್ಟರ್‌ನಲ್ಲಿ ಗೋಡೆಯಷ್ಟು ದೊಡ್ಡದಾಗಿ ತೋರಿಸುವ ಅನುಕೂಲ. ಹಾಗಾಗಿ ಸಂಶೋಧಕರು, ಎಂಜಿನಿಯರುಗಳು, ವೈದ್ಯಕೀಯ ಅಧ್ಯಾಪಕರು, ಪಕ್ಷಿ ಛಾಯಾಗ್ರಾಹಕರು ಸ್ಲೈಡ್ ಬಳಸುತ್ತಿದ್ದರು. ಪವರ್‌ಪಾಯಿಂಟ್‌ನಲ್ಲಿ ಇಂದಿಗೂ ಒಂದೊಂದು ಪುಟಕ್ಕೆ ‘ಸ್ಲೈಡ್’ ಎನ್ನುವುದು ಅದೇ ಕಾಲದ ನೆನಪು. ಟಾಕೀಸುಗಳಲ್ಲಿ ಮಧ್ಯಂತರದ ಹೊತ್ತಿಗೆ ಬೀಳುತ್ತಿದ್ದ ಬಟ್ಟೆ ಅಂಗಡಿಯ ಜಾಹೀರಾತು, ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಸೂಚನೆ ಕೂಡ ಸ್ಲೈಡ್‌ಗಳೇ. ಅವುಗಳಲ್ಲಿ ಎಷ್ಟೋ ಗಾಜಿನ ಮೇಲೆ ಮಾಡಿದವು.

ನಮ್ಮ ಕಡೆ ಇದು ಏಕೆ ಮುಖ್ಯ?

ಯಾದಗಿರಿ, ಶಹಾಪುರ, ಸುರಪುರದ ನೆಲ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ಸಮತಟ್ಟಾಗಿ ಭತ್ತದ ಗದ್ದೆಗಳಾದವು. ಜನರ ಬದುಕಿಗೆ ಅದು ಒಳ್ಳೆಯದನ್ನೇ ತಂದಿತು. ಆದರೆ ಹಳೆಯ ನೆಲ ಹೇಗಿತ್ತು ಎಂದು ಈಗ ಹೋಗಿ ನೋಡಲು ಆಗುವುದಿಲ್ಲ.

ಆ ಹಳೆಯ ನೆಲ ಸಾಮಾನ್ಯದ್ದಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1960ರ ದಶಕದಿಂದ ಸುರಪುರದ ಸುತ್ತ ಓಡಾಡಿ, ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. 1997ರಿಂದ 2001ರವರೆಗೆ ಉತ್ಖನನ ನಡೆದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅದು ಸುಮಾರು 12 ಲಕ್ಷ ವರ್ಷ ಹಳೆಯದೆಂದು ಕಾಲನಿರ್ಣಯವಾಯಿತು. ಬೂದಿಹಾಳದ ಬೂದಿದಿಬ್ಬದಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆ ಕಂಡಿತು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಜೋಡಿಸಿದ ಬೃಹತ್ ಬಂಡೆಗಳಿವೆ, ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಯ ಸಮಾಧಿಗಳಿವೆ. 1840ರ ದಶಕದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಕಲ್ಲುಗಳನ್ನು ಅಳೆದು, ಚಿತ್ರ ಬರೆದು ದಾಖಲಿಸಿದ್ದ. ಟೇಲರ್‌ನ ಕಾಲಕ್ಕೆ ಪೆನ್ಸಿಲ್ ಮಾಡಿದ ಕೆಲಸವನ್ನು ನೂರು ವರ್ಷಗಳ ನಂತರ ಫಿಲಂ ಮಾಡತೊಡಗಿತು.

ಸುಮಾರು 2000ನೇ ಇಸವಿಯವರೆಗೆ ಯಾರೇ ಇಲ್ಲಿ ಚಿತ್ರ ತೆಗೆದಿದ್ದರೂ ಅದು ಫಿಲಂ ಮೇಲೆಯೇ. ಭೀಮರಾಯನಗುಡಿಯ ವಸತಿಗೃಹದಲ್ಲಿದ್ದ ಎಂಜಿನಿಯರ್ ಇರಬಹುದು, ಬೋನಾಳ ಕೆರೆಯ ಹಕ್ಕಿಗಳ ಹಿಂದೆ ಬಿದ್ದ ಶಿಕ್ಷಕರಿರಬಹುದು. ಹೊಲದ ಬದುವಿನಲ್ಲಿ ಆಗ ನಿಂತಿದ್ದ ಬಂಡೆಸಾಲು ಈಗ ಇಲ್ಲವಾಗಿದ್ದರೆ, ಆ ಜಾಗ ಹೇಗಿತ್ತು ಎನ್ನಲು ಇಂಥವರ ಡಬ್ಬದಲ್ಲಿರುವ ಒಂದು ಸ್ಲೈಡೇ ಸಾಕ್ಷಿಯಾಗಬಹುದು.

ತೊಳೆಯದ ರೀಲ್ ಸಿಕ್ಕರೆ?

ಡಬ್ಬದಲ್ಲಿ ಕೆಲವೊಮ್ಮೆ ಚಿತ್ರ ತೆಗೆದರೂ ತೊಳೆಸದೆ ಉಳಿದ ರೀಲ್ ಇರುತ್ತದೆ. ಮೊದಲ ನಿಯಮ: ಎಳೆದು ನೋಡಬೇಡಿ. ಬೆಳಕು ಬಿದ್ದಷ್ಟು ಭಾಗ ಹೋಯಿತು.

ಎರಡನೆಯದು, ರೀಲಿನ ಮೇಲಿನ ಹೆಸರು ಓದಿ. ಹೆಸರಿನ ಕೊನೆಗೆ ‘ಕ್ರೋಮ್’ ಎಂದಿದ್ದರೆ ಸಾಮಾನ್ಯವಾಗಿ ಅದು ಸ್ಲೈಡ್ ಫಿಲಂ: ಎಕ್ಟಾಕ್ರೋಮ್, ಫ್ಯೂಜಿಕ್ರೋಮ್, ಕೊಡಾಕ್ರೋಮ್. ‘ಕಲರ್’ ಎಂದಿದ್ದರೆ ನೆಗೆಟಿವ್ ಫಿಲಂ: ಕೊಡಾಕಲರ್, ಫ್ಯೂಜಿಕಲರ್. ಜೊತೆಗೆ ತೊಳೆಯುವ ವಿಧಾನದ ಸಂಕೇತವೂ ಇರುತ್ತದೆ. ನೆಗೆಟಿವ್‌ಗೆ ಸಿ-41, ಸ್ಲೈಡ್‌ಗೆ ಇ-6, ಕೊಡಾಕ್ರೋಮ್‌ಗೆ ಕೆ-14.

ಇ-6 ವಿಧಾನ 1976ರಲ್ಲಿ ಬಂದದ್ದು, ಇಂದಿಗೂ ಬಳಕೆಯಲ್ಲಿದೆ. ಅದರ ಕೆಲಸ ಹೀಗೆ. ಫಿಲಂನಲ್ಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಕಣಗಳಿರುತ್ತವೆ. ಮೊದಲ ಡೆವಲಪರ್ ಬೆಳಕು ಬಿದ್ದ ಕಣಗಳನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಅಂದರೆ ಮೊದಲು ಹುಟ್ಟುವುದು ಒಂದು ನೆಗೆಟಿವ್ ಚಿತ್ರವೇ. ಆಮೇಲೆ ‘ರಿವರ್ಸಲ್’ ದ್ರಾವಣ ಉಳಿದ ಕಣಗಳಿಗೆ ಬೆಳಕು ಬಿದ್ದಂತೆಯೇ ರಾಸಾಯನಿಕವಾಗಿ ಚುರುಕು ಮುಟ್ಟಿಸುತ್ತದೆ. ಕಲರ್ ಡೆವಲಪರ್ ಆ ಉಳಿದ ಕಣಗಳನ್ನು ಬೆಳ್ಳಿಯಾಗಿಸುವಾಗ ಅವುಗಳ ಪಕ್ಕದಲ್ಲೇ ಬಣ್ಣ ಹುಟ್ಟುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನೆಲ್ಲ ತೊಳೆದು ತೆಗೆಯುತ್ತವೆ. ಉಳಿಯುವುದು ಬಣ್ಣ ಮಾತ್ರ.

ಇದರಲ್ಲಿ ಮೊದಲ ಡೆವಲಪರ್ ಬಲು ಸೂಕ್ಷ್ಮ. ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ನಿಮಿಷದಷ್ಟು ಇರಬೇಕು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಚಿತ್ರ ತೆಳುವಾಗಬಹುದು ಅಥವಾ ಕಪ್ಪಾಗಬಹುದು. ಆದ್ದರಿಂದ ದಿನಾ ಈ ಕೆಲಸ ಮಾಡುವ ಲ್ಯಾಬ್‌ಗೇ ಕೊಡುವುದು ಒಳ್ಳೆಯದು. ಭಾರತದಲ್ಲಿ ಇ-6 ಮಾಡುವವರು ಈಗ ಬೆರಳೆಣಿಕೆಯಷ್ಟು, ಅವರೂ ಮಹಾನಗರಗಳಲ್ಲಿ. ಕೊರಿಯರ್ ಮಾಡುವ ಮೊದಲು ಫೋನ್ ಮಾಡಿ, “ಇ-6 ದ್ರಾವಣದಲ್ಲೇ ತೊಳೆಯುತ್ತೀರಾ?” ಎಂದು ನೇರವಾಗಿ ಕೇಳಿ. ಸ್ಲೈಡ್ ಫಿಲಂ ಅನ್ನು ಸಿ-41ರಲ್ಲಿ ತೊಳೆದರೆ ವಿಚಿತ್ರ ಬಣ್ಣದ ನೆಗೆಟಿವ್ ಸಿಗುತ್ತದೆ. ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ಆದರೆ ಒಮ್ಮೆ ಆದದ್ದನ್ನು ಮತ್ತೆ ಸರಿಪಡಿಸಲಾಗದು.

ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಫಿಲಂ ಕಳಿಸುವುದಾದರೆ ಇನ್ನೊಂದು ಎಚ್ಚರ. ವಿಮಾನ ನಿಲ್ದಾಣದ ಎಕ್ಸ್‌ರೇ, ಅದರಲ್ಲೂ ಹೊಸ ಸಿಟಿ ಸ್ಕ್ಯಾನರ್, ತೊಳೆಯದ ಫಿಲಂ ಅನ್ನು ಹಾಳುಮಾಡಬಲ್ಲದು. ತೊಳೆದು ಚೌಕಟ್ಟಿಗೆ ಕೂರಿಸಿದ ಸ್ಲೈಡ್‌ಗಳಿಗೆ ಅದರಿಂದ ತೊಂದರೆಯಿಲ್ಲ.

ಕೊಡಾಕ್ರೋಮ್‌ನ ಬಾಗಿಲು ಮುಚ್ಚಿದೆ

ಕೊಡಾಕ್ರೋಮ್ 1935ರಲ್ಲಿ ಚಲನಚಿತ್ರಕ್ಕೂ, 1936ರಲ್ಲಿ 35 ಮಿ.ಮೀ. ಸ್ಲೈಡ್‌ಗೂ ಬಂತು. ಇತರ ಸ್ಲೈಡ್ ಫಿಲಂಗಳಲ್ಲಿ ಬಣ್ಣ ಹುಟ್ಟಿಸುವ ಪದಾರ್ಥ ಫಿಲಂನೊಳಗೇ ಇರುತ್ತದೆ. ಕೊಡಾಕ್ರೋಮ್‌ನಲ್ಲಿ ಅದನ್ನು ತೊಳೆಯುವಾಗ ಹೊರಗಿನಿಂದ, ಮೂರು ಬಣ್ಣಕ್ಕೆ ಮೂರು ಬಾರಿ, ಸೇರಿಸಬೇಕು. ಅದಕ್ಕೆ ದೊಡ್ಡ ಯಂತ್ರ, ನುರಿತ ರಸಾಯನಶಾಸ್ತ್ರಜ್ಞರು ಬೇಕಿತ್ತು. 2009ರಲ್ಲಿ ಕೊಡಾಕ್ ಕಂಪನಿ ಈ ಫಿಲಂ ನಿಲ್ಲಿಸಿತು. ತಯಾರಾದ ಕೊನೆಯ ರೀಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿಗೆ ಕೊಟ್ಟರು. ಅದರ ಒಂದಷ್ಟು ಚಿತ್ರಗಳನ್ನು ಅವರು ತೆಗೆದದ್ದು ಭಾರತದಲ್ಲೇ. ಜಗತ್ತಿನಲ್ಲಿ ಕೊನೆಯದಾಗಿ ಉಳಿದಿದ್ದ ಅಮೆರಿಕದ ಕಾನ್ಸಾಸ್ ರಾಜ್ಯದ ಲ್ಯಾಬ್ 2010ರ ಡಿಸೆಂಬರ್ 30ರವರೆಗೆ ಬಂದ ರೀಲ್‌ಗಳನ್ನಷ್ಟೇ ತೆಗೆದುಕೊಂಡಿತು. ಈಗ ತೊಳೆಯದ ಕೊಡಾಕ್ರೋಮ್ ಸಿಕ್ಕರೆ ಕಪ್ಪು-ಬಿಳುಪು ಚಿತ್ರವಾಗಿ ತೊಳೆಸಬಹುದು, ಅಷ್ಟೇ.

ಹಾಗೆಂದು ‘ಸ್ಲೈಡ್ ಫಿಲಂ ಸತ್ತೇ ಹೋಗಿದೆ’ ಎನ್ನುವುದೂ ಪೂರ್ತಿ ನಿಜವಲ್ಲ. 2012ರ ಹೊತ್ತಿಗೆ ಕೊಡಾಕ್ ಎಕ್ಟಾಕ್ರೋಮ್ ಅನ್ನೂ ನಿಲ್ಲಿಸಿತ್ತು. ಬೇಡಿಕೆ ಮರಳಿದ್ದರಿಂದ 2018ರಲ್ಲಿ ಅದು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಒಂದು ರೀಲಿನ ಬೆಲೆ ಸಾವಿರ ರೂಪಾಯಿಗಿಂತ ಎಷ್ಟೋ ಹೆಚ್ಚು, ತೊಳೆಸುವ ಖರ್ಚು ಬೇರೆ.

ಸ್ಲೈಡ್‌ಗೆ ನಕಲು ಮಾಡುತ್ತಿದ್ದದ್ದು ಹೇಗೆ?

ಅಸಲಿ ಒಂದೇ ಆದ್ದರಿಂದ ಉಪನ್ಯಾಸಕ್ಕೆ, ಪತ್ರಿಕೆಗೆ ಕಳಿಸಲು ನಕಲು ಬೇಕಾಗುತ್ತಿತ್ತು. ಸ್ಲೈಡ್‌ನ ಹಿಂದೆ ಬೆಳಕಿಟ್ಟು ಇನ್ನೊಂದು ಸ್ಲೈಡ್ ಫಿಲಂ ಮೇಲೆ ಮತ್ತೆ ಚಿತ್ರ ತೆಗೆಯುತ್ತಿದ್ದರು. ಸಾಮಾನ್ಯ ಫಿಲಂನಲ್ಲಿ ಹೀಗೆ ಮಾಡಿದರೆ ಬೆಳಕಿನ ಭಾಗ ಇನ್ನೂ ಬಿಳಿಯಾಗಿ, ನೆರಳು ಇನ್ನೂ ಕಪ್ಪಾಗುತ್ತದೆ. ಅದನ್ನು ತಡೆಯಲು ಮಂದ ವೈದೃಶ್ಯದ ವಿಶೇಷ ‘ಡ್ಯೂಪ್ಲಿಕೇಟಿಂಗ್’ ಫಿಲಂ ಇತ್ತು. ಈಗ ಅದರ ತಯಾರಿಕೆ ನಿಂತಿದೆ. ಕೊಡಾಕ್ ಕಂಪನಿ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆಯನ್ನೂ ನಿಲ್ಲಿಸಿತು. ಹಾಗಾಗಿ ಇಂದು ನಕಲು ಎಂದರೆ ಡಿಜಿಟಲ್ ನಕಲು.

ಒಂದು ಮಾತು: ನಿಮ್ಮ ಬಳಿ ಇರುವುದೇ ಹಳೆಯ ನಕಲು ಆಗಿರಲೂಬಹುದು. ಚೌಕಟ್ಟಿನ ಮೇಲೆ ‘ಡ್ಯೂಪ್’ ಎಂದು ಬರೆದಿದ್ದರೆ, ಚಿತ್ರದ ವಿವರ ಮಸುಕಾಗಿ ಕಪ್ಪು-ಬಿಳುಪಿನ ಅಂತರ ಗಡುಸಾಗಿದ್ದರೆ ಆ ಸಾಧ್ಯತೆ ಹೆಚ್ಚು. ಅಸಲಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಕಲನ್ನೂ ಅಸಲಿಯಂತೆಯೇ ಕಾಪಾಡಿ.

ಬೆಳ್ಳಿ, ಬೆಂಕಿ, ಬೂಷ್ಟು: ಯಾವುದು ನಿಜ?

“ಹಳೆಯ ಫಿಲಂನಲ್ಲಿ ಬೆಳ್ಳಿ ಇದೆ.” ಆಸ್ಪತ್ರೆಯ ಹಳೆಯ ಎಕ್ಸ್‌ರೇ ಫಿಲಂನಲ್ಲಿ, ಕಪ್ಪು-ಬಿಳುಪು ಫಿಲಂನಲ್ಲಿ ಬೆಳ್ಳಿ ಇರುವುದು ನಿಜ. ಎಕ್ಸ್‌ರೇ ಫಿಲಂ ಕೊಳ್ಳುವವರು ಇರುವುದೂ ಅದಕ್ಕೇ. ಆದರೆ ಬಣ್ಣದ ಸ್ಲೈಡ್‌ನಲ್ಲಿ ಬ್ಲೀಚ್ ಮತ್ತು ಫಿಕ್ಸರ್ ಬೆಳ್ಳಿಯನ್ನು ಆಗಲೇ ತೆಗೆದಿರುತ್ತವೆ. ಡಬ್ಬಗಟ್ಟಲೆ ಸ್ಲೈಡ್ ಮಾರಿದರೂ ಬೆಳ್ಳಿ ಸಿಗುವುದಿಲ್ಲ.

“ಫಿಲಂಗೆ ತಾನಾಗಿಯೇ ಬೆಂಕಿ ಹತ್ತುತ್ತದೆ.” ಈ ಅಪಾಯವಿದ್ದದ್ದು ಹಳೆಯ ಸಿನಿಮಾ ರೀಲುಗಳ ನೈಟ್ರೇಟ್ ಫಿಲಂಗೆ. ಮನೆಗಳಲ್ಲಿ ಸಿಗುವ 35 ಮಿ.ಮೀ. ಬಣ್ಣದ ಸ್ಲೈಡ್‌ಗಳು ಅಸಿಟೇಟ್ ಎಂಬ ಬೇರೆ ವಸ್ತುವಿನವು. ಭಯ ಬೇಡ.

ಅಸಿಟೇಟ್‌ಗೆ ಅದರದೇ ಕಾಯಿಲೆ ಇದೆ. ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬ ತೆಗೆದಾಗ ವಿನೆಗರ್‌ನಂತೆ ಹುಳಿ ವಾಸನೆ ಬಂದರೆ ಆ ಸ್ಲೈಡ್‌ಗಳಿಗೆ ಸಮಯ ಕಡಿಮೆ ಇದೆ ಎಂದರ್ಥ. ಅವನ್ನು ಉಳಿದವುಗಳಿಂದ ಬೇರೆ ಇಟ್ಟು, ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ.

ಎರಡನೆಯ ಕಾಯಿಲೆ ಬೂಷ್ಟು. ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ, ಅಂದರೆ ಪ್ರಾಣಿಜನ್ಯ ಪ್ರೋಟೀನ್‌ನಲ್ಲಿ. ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 65 ದಾಟಿದರೆ ಶಿಲೀಂಧ್ರಕ್ಕೆ ಅದು ಊಟ. ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದೇ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೂಷ್ಟು ಹಿಡಿದ ಜೆಲಟಿನ್ ನೀರು ತಾಗಿದರೆ ಕರಗಿ ಚಿತ್ರವೇ ಎದ್ದು ಬರಬಹುದು.

ಮೂರನೆಯದು ಬಣ್ಣ ಮಾಸುವುದು. ಕತ್ತಲಲ್ಲಿಟ್ಟರೂ ಬಣ್ಣ ನಿಧಾನಕ್ಕೆ ಕರಗುತ್ತದೆ, ಸೆಕೆ ಹೆಚ್ಚಿದಷ್ಟೂ ವೇಗವಾಗಿ. ಮೂರು ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಆದ್ದರಿಂದ ಹಳೆಯ ಎಕ್ಟಾಕ್ರೋಮ್‌ಗಳು ಕೆಂಪಗಾಗಿರುತ್ತವೆ. ಕೊಡಾಕ್ರೋಮ್ ಕತ್ತಲಲ್ಲಿ ದಶಕಗಟ್ಟಲೆ ಗಟ್ಟಿ, ಆದರೆ ಪ್ರೊಜೆಕ್ಟರ್ ಬೆಳಕಿನಲ್ಲಿ ಬೇಗ ಮಾಸುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಪತ್ರಾಸ್ ಹಾಕಿದ ಕೋಣೆಯ ಅಟ್ಟ ಸ್ಲೈಡ್‌ಗೆ ಅತಿ ಕೆಟ್ಟ ಜಾಗ. ಮನೆಯ ತಂಪಾದ ಒಳಕೋಣೆಯ ಬೀರು ವಾಸಿ. ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು. ನುಸಿಗುಳಿಗೆ ಬೇಡ, ಘಾಟು ವಾಸನೆಯ ಪಿವಿಸಿ ಹಾಳೆಗಳೂ ಬೇಡ.

ಡಿಜಿಟಲ್ ಮಾಡುವ ಮೂರು ದಾರಿ

ಮೊದಲನೆಯದು ಫಿಲಂ ಸ್ಕ್ಯಾನರ್. ಸ್ಕ್ಯಾನರ್‌ನ ಶಕ್ತಿಯನ್ನು ಡಿಪಿಐ ಎಂದು ಹೇಳುತ್ತಾರೆ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಓದುತ್ತದೆ ಎಂದು. 35 ಮಿ.ಮೀ. ಸ್ಲೈಡ್ ಅನ್ನು 4000 ಡಿಪಿಐನಲ್ಲಿ ಓದಿದರೆ ಸುಮಾರು 5670×3780 ಪಿಕ್ಸೆಲ್‌ಗಳ, ಅಂದರೆ 2.1 ಕೋಟಿ ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. 2400 ಡಿಪಿಐನಲ್ಲಿ ಸುಮಾರು 77 ಲಕ್ಷ. ಮನೆಯ ಬಳಕೆಗೆ ಎರಡನೆಯದೂ ಸಾಕು. ದಾಖಲೆಯಾಗಿ ಉಳಿಸಲು ಮೊದಲನೆಯದು ಒಳ್ಳೆಯದು. ಕಚೇರಿಯ ಜೆರಾಕ್ಸ್ ಯಂತ್ರದ ಸಾಮಾನ್ಯ ಸ್ಕ್ಯಾನರ್ ಇದಕ್ಕೆ ಆಗದು. ಸ್ಲೈಡ್‌ಗೆ ಬೆಳಕು ಹಿಂದಿನಿಂದ ಬರಬೇಕು, ಅದರಲ್ಲಿ ಮುಂದಿನಿಂದ ಬೀಳುತ್ತದೆ. ಕೆಲವು ಸ್ಕ್ಯಾನರ್‌ಗಳಲ್ಲಿ ಅವಕೆಂಪು ಬೆಳಕಿನಿಂದ ದೂಳು, ಗೀರು ಗುರುತಿಸಿ ಅಳಿಸುವ ಸೌಲಭ್ಯವಿದೆ. ಎಕ್ಟಾಕ್ರೋಮ್, ಫ್ಯೂಜಿಕ್ರೋಮ್‌ಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊಡಾಕ್ರೋಮ್‌ನಲ್ಲಿ ಚಿತ್ರದ ಭಾಗವನ್ನೇ ದೂಳೆಂದು ತಿಳಿಯಬಹುದು.

ಎರಡನೆಯದು ಡಿಜಿಟಲ್ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್. ಸ್ಲೈಡ್‌ನ ಹಿಂದೆ ಸಮನಾದ ಬಿಳಿ ಬೆಳಕಿಟ್ಟು, ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿ ಚಿತ್ರ ತೆಗೆಯುವುದು. ಒಮ್ಮೆ ಜೋಡಿಸಿಕೊಂಡರೆ ಬೇಗ ಮುಗಿಯುತ್ತದೆ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರ ಬಳಿ ಒಳ್ಳೆಯ ಕ್ಯಾಮೆರಾ ಹೇಗೂ ಇರುತ್ತದೆ. ಮ್ಯಾಕ್ರೋ ಲೆನ್ಸ್ ಇದೆಯೇ ಎಂದು ಕೇಳಿ ನೋಡಿ.

ಮೂರನೆಯದು ಮೊಬೈಲ್. ಡಬ್ಬದಲ್ಲಿ ಏನಿದೆ ಎಂದು ಪಟ್ಟಿ ಮಾಡಲು, ಮನೆಯವರಿಗೆ ತೋರಿಸಿ ಗುರುತು ಹಿಡಿಸಲು ಇದು ಚೆನ್ನ. ಇನ್ನೊಂದು ಫೋನ್ ಅಥವಾ ಟ್ಯಾಬ್‌ನ ಪರದೆಯನ್ನು ಪೂರ್ತಿ ಬಿಳಿ ಮಾಡಿ ಬೆಳಕಾಗಿ ಬಳಸಬಹುದು. ಸ್ಲೈಡ್ ಅನ್ನು ಪರದೆಗೆ ತಾಗಿಸಿದರೆ ಪರದೆಯ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಎರಡು ಮೂರು ಸೆಂಟಿಮೀಟರ್ ಮೇಲಿಡಿ, ನಡುವೆ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆ ಇದ್ದರೆ ಇನ್ನೂ ಒಳ್ಳೆಯದು. ಕೋಣೆಯ ದೀಪ ಆರಿಸಿ, ಫ್ಲ್ಯಾಶ್ ಬೇಡ.

ಯಾವ ದಾರಿಯಾದರೂ ಮೊದಲು ದೂಳು ತೆಗೆಯಿರಿ. ಗಾಳಿ ಊದುವ ರಬ್ಬರ್ ಬ್ಲೋಅರ್ ಬಳಸಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಫಿಲಂ ಮೈಗೆ ಬೆರಳು ತಾಗಿಸದೆ ಚೌಕಟ್ಟಿನ ಅಂಚನ್ನೇ ಹಿಡಿಯಿರಿ.

ಇನ್ನೊಂದು ಸಾಮಾನ್ಯ ತಪ್ಪು ಎಡಬಲ ಅದಲುಬದಲಾಗುವುದು. ಸ್ಲೈಡ್ ಪಾರದರ್ಶಕವಾದ್ದರಿಂದ ಹಿಂದುಮುಂದಾಗಿಟ್ಟರೂ ಚಿತ್ರ ಕಾಣುತ್ತದೆ. ಅಂಗಡಿ ಬೋರ್ಡಿನ ಅಕ್ಷರ ಇದ್ದರೆ ಪತ್ತೆ ಸುಲಭ. ಇಲ್ಲದಿದ್ದರೆ? ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನೇ ತೆಗೆದುಕೊಳ್ಳಿ. ಸ್ಲೈಡ್ ತಿರುವಿ ಸ್ಕ್ಯಾನ್ ಮಾಡಿದರೆ ಬುದ್ಧನ ತಲೆ ಇದ್ದ ಕಡೆ ಕಾಲು ಬರುತ್ತದೆ! ಊರವರು ಕೂಡಲೇ ಹಿಡಿಯುತ್ತಾರೆ, ಹೊರಗಿನವರಿಗೆ ತಿಳಿಯದು. ಫಿಲಂನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ತುಸು ಮಂಕು. ಹೊಳೆಯುವ ಮೈ ನಿಮ್ಮ ಕಡೆಗಿದ್ದಾಗ ಕಾಣುವುದೇ ಅಸಲಿ ಸ್ಲೈಡ್‌ನ ಸರಿಯಾದ ದಿಕ್ಕು.

ವಾಟ್ಸ್‌ಆ್ಯಪ್‌ಗೆ ಹಾಕಿದರೆ ಉಳಿಸಿದಂತಾಯಿತೇ?

ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಉದ್ದ 1600 ಪಿಕ್ಸೆಲ್‌ಗೆ ಇಳಿಯಿತು ಎಂದುಕೊಳ್ಳಿ. 2.1 ಕೋಟಿ ಪಿಕ್ಸೆಲ್ ಇದ್ದದ್ದು ಸುಮಾರು 17 ಲಕ್ಷವಾಗುತ್ತದೆ, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಗುಂಪಿನಿಂದ ಗುಂಪಿಗೆ ಹೋಗುತ್ತಾ ಗುಣಮಟ್ಟ ಇನ್ನಷ್ಟು ಇಳಿಯಬಹುದು. ಫೈಲಿನೊಳಗಿನ ದಿನಾಂಕ, ವಿವರಗಳೂ ಕಳಚಿಹೋಗುತ್ತವೆ. ಹಂಚಲೇಬೇಕಿದ್ದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ, ಆಗ ಫೈಲ್ ಇದ್ದಂತೆಯೇ ಹೋಗುತ್ತದೆ.

ಉಳಿಸಲು ಟಿಫ್ ಮಾದರಿಯ ಫೈಲ್ ಒಳ್ಳೆಯದು. 4000 ಡಿಪಿಐನ ಒಂದು ಚಿತ್ರ ಸುಮಾರು 64 ಎಂಬಿ ಆಗುತ್ತದೆ, ನೂರು ಸ್ಲೈಡ್‌ಗೆ 6.4 ಜಿಬಿ. ಇಂದಿನ ಪೆನ್‌ಡ್ರೈವ್‌ಗೆ ಇದು ದೊಡ್ಡದಲ್ಲ. ಒಂದೇ ಪ್ರತಿ ಇಟ್ಟುಕೊಳ್ಳಬೇಡಿ. ಒಂದು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ಸಂಬಂಧಿಕರ ಬಳಿ ಅಥವಾ ಕ್ಲೌಡ್‌ನಲ್ಲಿ ಇರಲಿ.

ಈಗ ಎಐ ಆ್ಯಪ್‌ಗಳು ‘ಹಳೆಯ ಫೋಟೋ ಹೊಸದು ಮಾಡಿಕೊಡುತ್ತೇವೆ’ ಎನ್ನುತ್ತವೆ. ಮಾಸಿದ ಬಣ್ಣವನ್ನು ಸಮತೋಲನಕ್ಕೆ ತರುವುದು ಒಂದು ಕೆಲಸ, ಇಲ್ಲದ ವಿವರವನ್ನು ಹುಟ್ಟಿಸುವುದು ಇನ್ನೊಂದು. ಇಂಥ ಆ್ಯಪ್ ಮಸುಕಾದ ಮುಖಕ್ಕೆ ತಾನು ಕಲಿತ ಸಾವಿರಾರು ಮುಖಗಳಿಂದ ಕಣ್ಣು, ಹಲ್ಲು ಕಟ್ಟಿಕೊಡುತ್ತದೆ. ನೋಡಲು ಚೆಂದವೇ. ಆದರೆ ಅದು ನಿಮ್ಮ ಅಜ್ಜಿಯ ಮುಖವಲ್ಲ, ಅಂದಾಜಿನ ಮುಖ. ಬಂಡೆಯ ಮೇಲಿನ ಗೆರೆಗಳಿಗೂ ಇದೇ ಗತಿ. ಎಐ ಪ್ರತಿ ಮಾಡಿಸಿದರೆ ಫೈಲ್ ಹೆಸರಿನಲ್ಲೇ ಹಾಗೆಂದು ಬರೆಯಿರಿ, ಮೂಲ ಸ್ಕ್ಯಾನ್ ಮುಟ್ಟಬೇಡಿ.

ಬಣ್ಣದ ಹಳೆಯ ಚಿತ್ರ ಫಾರ್ವರ್ಡ್ ಬಂದರೆ ಪರೀಕ್ಷಿಸುವುದು ಹೇಗೆ?

ಸ್ಲೈಡ್‌ನ ಇತಿಹಾಸ ಗೊತ್ತಿದ್ದರೆ ಕೆಲವು ಸುಳ್ಳುಗಳನ್ನು ಕೂಡಲೇ ಹಿಡಿಯಬಹುದು. ಬಣ್ಣದ ಛಾಯಾಚಿತ್ರ ಸಾಮಾನ್ಯ ಮಾರುಕಟ್ಟೆಗೆ ಬಂದದ್ದೇ 1907ರಲ್ಲಿ, ಲೂಮಿಯೇರ್ ಸಹೋದರರ ಗಾಜಿನ ಆಟೋಕ್ರೋಮ್ ಫಲಕದೊಂದಿಗೆ. 35 ಮಿ.ಮೀ. ಬಣ್ಣದ ಸ್ಲೈಡ್ ಬಂದದ್ದು 1936ರಲ್ಲಿ. ಆದ್ದರಿಂದ 1857-58ರ ಬಂಡಾಯದ ಸುರಪುರದ ರಾಜ ವೆಂಕಟಪ್ಪ ನಾಯಕರ ‘ಅಸಲಿ ಬಣ್ಣದ ಫೋಟೋ’ ಎಂದು ಯಾರಾದರೂ ಕಳಿಸಿದರೆ ಅದು ಅಸಲಿ ಆಗಿರಲು ಸಾಧ್ಯವಿಲ್ಲ. ಅದು ಚಿತ್ರಕಲೆಯೋ, ಆಮೇಲೆ ಬಣ್ಣ ತುಂಬಿದ್ದೋ, ಕಂಪ್ಯೂಟರ್ ಸೃಷ್ಟಿಯೋ ಆಗಿರಬೇಕು.

ಸ್ಲೈಡ್‌ನ ಚೌಕಟ್ಟು ಕೂಡ ಸಾಕ್ಷಿ ಹೇಳುತ್ತದೆ. ಕೊಡಾಕ್ರೋಮ್ ಚೌಕಟ್ಟುಗಳ ಮೇಲೆ ಅನೇಕ ಬಾರಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ತೊಳೆದ ದಿನದ ಗುರುತು, ಚಿತ್ರ ತೆಗೆದದ್ದು ಅದಕ್ಕೂ ಮೊದಲು. ಬರೀ ಚಿತ್ರವನ್ನು ಸ್ಕ್ಯಾನ್ ಮಾಡಿ ಚೌಕಟ್ಟು ಬಿಸಾಡಿದರೆ ಈ ಸಾಕ್ಷಿಯೂ ಹೋಗುತ್ತದೆ. ಆದ್ದರಿಂದ ಪ್ರತಿ ಚೌಕಟ್ಟಿನ ಎರಡೂ ಬದಿಯನ್ನು ಮೊಬೈಲ್‌ನಲ್ಲಿ ಒಂದೊಂದು ಫೋಟೋ ತೆಗೆದಿಡಿ.

ಮೊದಲು ಮಾಡಬೇಕಾದ ಕೆಲಸ

ಬಣ್ಣ ಮಾಸಲು ವರ್ಷಗಳು ಬೇಕು. ಅದಕ್ಕಿಂತ ಬೇಗ ಹೋಗುವುದು ಚಿತ್ರದಲ್ಲಿ ಇರುವವರು ಯಾರು, ಜಾಗ ಯಾವುದು ಎಂದು ಹೇಳಬಲ್ಲವರ ನೆನಪು. ಸ್ಕ್ಯಾನರ್ ಇನ್ನೂ ಹತ್ತು ವರ್ಷ ಸಿಗಬಹುದು. ಎಂಬತ್ತು ದಾಟಿದ ಅಜ್ಜ ಹತ್ತು ವರ್ಷ ಕಾಯಲಾರರು. ಹೆಸರಿಲ್ಲದ ಬಂಡೆಯ ಚಿತ್ರ ಬರೀ ಬಂಡೆಯ ಚಿತ್ರ. ಊರು, ಹೊಲ, ವರ್ಷ ಗೊತ್ತಿದ್ದರೆ ಅದೇ ಚಿತ್ರ ದಾಖಲೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ:

1. ಡಬ್ಬದಲ್ಲಿರುವ ಕ್ರಮ ಕೆಡಿಸದೆ ಪ್ರತಿ ಸ್ಲೈಡ್‌ಗೆ ಒಂದು ಸಂಖ್ಯೆ ಕೊಡಿ. ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಫಿಲಂ ಮೇಲೆ ಅಲ್ಲ.

2. ಮೊಬೈಲ್‌ನಲ್ಲಿ ಸುಮ್ಮನೆ ಗುರುತಿಗೆ ಒಂದೊಂದು ಫೋಟೋ ತೆಗೆದು ಹಿರಿಯರಿಗೆ ತೋರಿಸಿ. ಯಾರು, ಎಲ್ಲಿ, ಯಾವಾಗ ಎಂದು ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ, ಸಂಖ್ಯೆಯ ಎದುರು ಬರೆಯಿರಿ. ಖಚಿತವಲ್ಲದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

3. ಹುಳಿ ವಾಸನೆ, ಬೂಷ್ಟು ಇರುವುವನ್ನು ಬೇರೆ ಮಾಡಿ ಅವಕ್ಕೆ ಮೊದಲ ಸರದಿ ಕೊಡಿ.

4. ಎಲ್ಲವನ್ನೂ ದುಬಾರಿಯಾಗಿ ಸ್ಕ್ಯಾನ್ ಮಾಡಿಸಬೇಕಿಲ್ಲ. ಮುಖ್ಯವಾದವನ್ನು ಆರಿಸಿ ಒಳ್ಳೆಯ ಸ್ಕ್ಯಾನ್ ಮಾಡಿಸಿ.

5. ಸ್ಕ್ಯಾನ್ ಆದ ಮೇಲೂ ಅಸಲಿ ಸ್ಲೈಡ್ ಇಟ್ಟುಕೊಳ್ಳಿ. ಮುಂದೆ ಇನ್ನೂ ಒಳ್ಳೆಯ ಯಂತ್ರ ಬಂದಾಗ ಮತ್ತೆ ಓದಲು ಅದೇ ಬೇಕು. ಹಾರ್ಡ್‌ಡಿಸ್ಕ್ ಕೆಟ್ಟರೆ ಫೈಲ್ ಹೋಗುತ್ತದೆ, ಫಿಲಂ ಅನ್ನು ಬೆಳಕಿಗೆ ಹಿಡಿದರೆ ಸಾಕು.

ಡಬ್ಬದಲ್ಲಿ ಬಂಡೆಸಾಲು, ಕೋಟೆ, ಶಾಸನ, ಉತ್ಖನನ, ಅಣೆಕಟ್ಟಿನ ಕೆಲಸದ ಚಿತ್ರಗಳಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ, ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಂಥ ಸಂಸ್ಥೆಗಳು ಸ್ಲೈಡ್‌ಗಳ ದೊಡ್ಡ ಸಂಗ್ರಹಗಳನ್ನೇ ಇಟ್ಟುಕೊಂಡಿವೆ. ಅಸಲಿ ಕೊಡುವ ಮೊದಲು ಪಟ್ಟಿ ಮಾಡಿ, ಸಹಿ ಪಡೆದು, ಸ್ಕ್ಯಾನ್ ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಮನೆಯ ಚಿತ್ರಗಳನ್ನು ಹಂಚುವಾಗ ಅದರಲ್ಲಿ ಇರುವವರ ಒಪ್ಪಿಗೆಯೂ ಇರಲಿ.

ಈ ಲೇಖನ ನಿಮ್ಮ ಗುಂಪಿಗೆ ಕಳಿಸುವುದಾದರೆ ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿ: “ನಮ್ಮಲ್ಲಿ ಯಾರ ಮನೆಯಲ್ಲಾದರೂ ಸ್ಲೈಡ್ ಡಬ್ಬ ಇದೆಯೇ?” ಇದ್ದರೆ ಈ ವಾರವೇ ಅದನ್ನು ಅಟ್ಟದಿಂದ ಇಳಿಸಿ.